ಎಂಟರಿಂದ ಅರವತ್ತನಾಲ್ಕಕ್ಕೆ

ಟಿಣ್ ಎಂದಿತು ಕಂಪ್ಯೂಟರು, ಅರವತ್ತನಾಲ್ಕನೆಯ ಸ್ಕ್ಯಾನರೂ ಸೇರಿಕೊಂಡಿತು ಎಂದರ್ಥ, ಪರದೆಯ ತುಂಬ ಹಸಿರು ಚುಕ್ಕೆಗಳು, ಮೇಜಿನ ಮೇಲೆ ನೋಡಿದರೆ ಒಂದು ವಯರೂ ಇಲ್ಲ, ಇಲ್ಲದ ಸ್ಕ್ಯಾನರನ್ನು ಇದೆ ಎಂದು ಯಂತ್ರಕ್ಕೆ ನಂಬಿಸುವುದೇ ನನ್ನ ವರ್ಚುವಲ್ ಯುಎಸ್‌ಬಿ ಡ್ರೈವರ್ ಪ್ರೋಗ್ರಾಮಿನ ಕೆಲಸ, ನಂಬಿಸುವುದರಲ್ಲಿ ನಾನೇ ಜಾಣೆ ಎಂದುಕೊಂಡಿದ್ದೆ, ನನ್ನನ್ನು ನಂಬಿಸಿ ಕತ್ತು ಕೊಯ್ದವರ ಮುಂದೆ ನಾನೆಷ್ಟರವಳು — ಎರಡು ತಿಂಗಳ ಹಿಂದೆ ಒಂದು ದಿನ ಮ್ಯಾನೇಜರು ನನ್ನ ಕುರ್ಚಿಯ ಹಿಂದೆ ನಿಂತು, ಇದು ಎಂಟು ಸ್ಕ್ಯಾನರಿಗೇ ನಿಂತುಹೋಗುತ್ತಲ್ಲಮ್ಮ, ಅರವತ್ತನಾಲ್ಕು ಮಾಡಿಕೊಡು, ಬರೀ ಒಂದು ಅಂಕಿ ತಾನೆ, ಪರೀಕ್ಷೆ ಕೋಣೆಯವರ ಕೈನೋವಾದರೂ ತಪ್ಪುತ್ತೆ, ನಿಮ್ಮಕ್ಕನೂ ಅಲ್ಲೇ ಇದ್ದಾರಲ್ಲ, ಯಾರ ಕೆಲಸಕ್ಕೂ ಏನೂ ಆಗಲ್ಲ, ನನ್ನ ಮಾತು ಅಂದ್ರೆ ಮಾತು, ಎಂದರು. ಅಕ್ಕನ ಹೆಸರೆತ್ತಿದರೆ ಕರಗುತ್ತೇನೆ ಎಂಬುದು ಅವರಿಗೆ ಗೊತ್ತಿತ್ತು. ಹನ್ನೊಂದು ವರ್ಷದಿಂದ ಅಕ್ಕ ಆ ಕೋಣೆಯಲ್ಲಿ ಪರೀಕ್ಷೆಗೆಂದು ಕಂಪ್ಯೂಟರಿಗೆ ಸ್ಕ್ಯಾನರು ಸಿಕ್ಕಿಸುತ್ತಾಳೆ, ಕೀಳುತ್ತಾಳೆ, ಮತ್ತೆ ಸಿಕ್ಕಿಸುತ್ತಾಳೆ, ರಾತ್ರಿ ಅನ್ನದ ತಟ್ಟೆ ಹಿಡಿದರೆ ಮಣಿಕಟ್ಟು ನಡುಗುತ್ತದೆ. ಬರೀ ಒಂದು ಅಂಕಿಯಂತೆ! ಎಂಟು ಅಳಿಸಿ ಅರವತ್ತನಾಲ್ಕು ಬರೆದರೆ ಕಂಪ್ಯೂಟರು ಕಲ್ಲಾಗಿ ಕೂತಿತು, ಮೂವತ್ತೆರಡು, ಕಲ್ಲು, ಹದಿನಾರು, ಆಗಲೂ ಕಲ್ಲು, ಮೂರು ವಾರ ತಲೆ ಚಚ್ಚಿಕೊಂಡೆ, ಸ್ಕ್ಯಾನರುಗಳನ್ನೆಲ್ಲ ಸಿಕ್ಕಿಸುವ ಕವಲುಪೆಟ್ಟಿಗೆ, ಯುಎಸ್‌ಬಿ ಹಬ್ಬು, ಒಂದು ಹಬ್ಬಿಗೆ ಹದಿನೈದರ ಮೇಲೆ ಹೊರುವ ತಾಕತ್ತಿಲ್ಲ, ಪಾತ್ರೆ ತೊಳೆಯುತ್ತ ಅಕ್ಕನ ಹತ್ತಿರ ಗೋಳು ಹೇಳಿಕೊಂಡೆ, ಅವಳು ತಿರುಗಿಯೂ ನೋಡದೆ, ಒಂದೇ ಬೆಂಚಲ್ಲಿ ಎಷ್ಟು ಜನರನ್ನ ಒತ್ತಿ ಕೂರಿಸ್ತೀಯೇ, ಇನ್ನೊಂದು ಬೆಂಚು ಹಾಕು, ಎಂದಳು — ಹೌದಲ್ಲ, ಎಂಟೆಂಟರ ಎಂಟು ಹಬ್ಬು, ಸೋಪಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡೆ, ಬಿಡೇ, ಲೋಟ ಜಾರುತ್ತೆ, ಅವಳ ನಗು.

ಇವತ್ತು ಬೆಳಿಗ್ಗೆ ಆ ಕೋಣೆಯ ಐವರನ್ನೂ ಕರೆದು, ಸ್ಕ್ಯಾನರು ಸಿಕ್ಕಿಸಲು ಇನ್ನು ಜನ ಬೇಡ ಎಂದು ಒಂದೊಂದು ಪತ್ರ ಕೊಟ್ಟರು. ಮೇಲಿನವರ ತೀರ್ಮಾನ ಕಣಮ್ಮ, ನಮ್ಮ ಕೈಲೇನಿದೆ, ಎಂದರು ಮ್ಯಾನೇಜರು, ಕಣ್ಣು ಫೋನಿನಲ್ಲಿ, ಆದರೆ ಅವರ ಮೇಜಿನ ಮೇಲಿದ್ದ ಅಕ್ಕನ ಪತ್ರದ ಪ್ರತಿಯಲ್ಲಿನ ತಾರೀಖು, ಅವರು ನನ್ನ ಕುರ್ಚಿಯ ಹಿಂದೆ ಬಂದು ನಿಂತದ್ದಕ್ಕಿಂತ ಹತ್ತು ದಿನ ಮುಂಚಿನದು, ಸಹಿ ಅವರದೇ. ಮತ್ತೆ ಎಂಟು ಮಾಡಿಬಿಡಲೇ ಎಂದು ಕೀಲಿಗಳ ಮೇಲೆ ಬೆರಳಿಟ್ಟೆ, ಏನು ಮಾಡಿ ಏನು, ಡ್ರೈವರಿನ ಪ್ರತಿ ಆಗಲೇ ಎಲ್ಲ ಕಡೆಗೂ ಹೋಗಿಯಾಗಿದೆ. ಅಕ್ಕ ಬಂದು ಎದುರು ನಿಂತಳು, ಅಳಲಿಲ್ಲ, ಎಷ್ಟು ದಿನದಿಂದ ಗೊತ್ತಿತ್ತೇ ನಿನಗೆ, ನಿನ್ನಾಣೆ ಗೊತ್ತಿರಲಿಲ್ಲ ಅಕ್ಕಾ, ಉಪಾಯಾನೂ ನನ್ನ ಬಾಯಿಂದಲೇ ಹೇಳಿಸಿಕೊಂಡೆಯಲ್ಲೇ, ಅಕ್ಕಾ ಕೇಳು, ಮ್ಯಾನೇಜರು ನನಗೆ — ಕೊರಳಿನಿಂದ ಗುರುತಿನ ಚೀಟಿ ತೆಗೆದು ನನ್ನ ಕೀಬೋರ್ಡಿನ ಮೇಲೆ ಮಗುಚಿಟ್ಟಳು, ಆಫೀಸಿಗೆ ಒಪ್ಪಿಸಿಬಿಡು, ಎಂದು ಹೋದಳು. ಫೋನು ಮಾಡಿದೆ, ಕತ್ತರಿಸಿದಳು, ಮತ್ತೆ ಮಾಡಿದೆ, ಕತ್ತರಿಸಿದಳು, ಮನೆಗೆ ಹೋಗಿ ಯಾವ ಬಾಗಿಲು ತಟ್ಟಲಿ, ನಾಳೆ ನಾನೂ ರಾಜೀನಾಮೆ ಬಿಸಾಕಿದರೆ ನಂಬುತ್ತಾಳೆಯೇ, ಮಗುಚಿದ ಚೀಟಿ, ಸವೆದ ಬಿಳಿ ಬೆನ್ನು, ಮ್ಯಾನೇಜರ ಕೋಣೆಗೆ ನುಗ್ಗಿ ಮುಖಕ್ಕೆ ಹೊಡೆದ ಹಾಗೆ ಕೇಳಬೇಕು, ಕೇಳಿ ಏನು ಬಂತು, ಚೀಟಿಯ ಬೆನ್ನ ಮೇಲೆ ತುರ್ತಿಗೆ ಯಾರನ್ನು ಕರೆಯಬೇಕು ಎಂಬ ಗೆರೆ, ಅದರಲ್ಲಿ ಅವಳ ದುಂಡು ಅಕ್ಷರ, ತಂಗಿ, ಪಕ್ಕದಲ್ಲಿ ನನ್ನ ನಂಬರು, ತುರ್ತಿಗೆ, ತಂಗಿ, ನನ್ನ ನಂಬರು