ಸೀಮೆಸುಣ್ಣದ ಹದಿನಾಲ್ಕು ಗೆರೆ

"ಎಂಟು," ಎಂದ ಗಂಡ. ಎದೆಮಟ್ಟದ ನೀರಿನಲ್ಲಿ ಅವನು ಹಿಂದೆ ಹಿಂದೆ ಹೆಜ್ಜೆಯಿಡುತ್ತಿದ್ದ. ಹೆಂಡತಿಯ ಎರಡೂ ಮುಂಗೈ ಅವನ ಹಿಡಿಯಲ್ಲಿದ್ದವು. "ಒಂಬತ್ತು. ಆತುರ ಬೇಡ ಕಣೇ, ನಮ್ಮನ್ನ ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ."

ಆಕೆಯ ಬಲಗಾಲು ನೀರಿನೊಳಗೆ ತಾನಾಗಿಯೇ ಎದ್ದಿತು. ಮನೆಯಲ್ಲಿ ಹಿಟ್ಟಿನ ಮೂಟೆಯ ಹಾಗೆ ಬಿದ್ದಿರುವ ಕಾಲು ಇದೇನಾ ಎಂದು ಆಕೆಗೆ ಪ್ರತಿ ಸಲವೂ ಬೆರಗು. ಬೆಚ್ಚಗಿನ ನೀರು ಕಂಕುಳಿಗೆ ಆನಿಕೆಯಾಗಿ ನಿಂತು ಬೀಳುವ ಭಯವನ್ನೇ ತೆಗೆದುಬಿಡುತ್ತಿತ್ತು. ಹತ್ತು. ಹನ್ನೊಂದು. ಅಲ್ಲಿಗೆ ಮಂಡಿ ಗಡಗಡ ಎಂದಿತು. ಗಂಡ ಬಾಚಿ ತಬ್ಬಿಕೊಂಡ.

"ಹನ್ನೊಂದು!" ಎಂದು ಕೂಗಿದ. ಈಜುಕೊಳದ ಆ ತುದಿಯವರೆಗೂ ಕೇಳಿಸಿತು. ಕೊರಳಿಗೆ ಸೀಟಿ ಹಾಕಿಕೊಂಡು ಎತ್ತರದ ಕುರ್ಚಿಯಲ್ಲಿ ಕೂತಿದ್ದ ಕಾವಲಿನ ಹುಡುಗಿ, "ಯಜಮಾನ್ರೇ, ಮೆಲ್ಲಗೆ! ಅಮ್ಮ ಸರಿಯಾಗೇ ನಡೀತಿದಾರೆ, ನೀವೇ ಮುಳುಗೋ ಹಾಗಿದೀರಿ," ಎಂದು ನಕ್ಕಳು.

ಮನೆಯಲ್ಲಿ ಮಂಚದಿಂದ ಬಚ್ಚಲುಮನೆಗೆ ಹದಿನಾಲ್ಕು ಹೆಜ್ಜೆ. ಗಂಡನೇ ಅಳೆದಿದ್ದ, ತನ್ನ ಉದ್ದನೆಯ ಹೆಜ್ಜೆಯಲ್ಲಲ್ಲ, ನೀರಿನಲ್ಲಿ ಆಕೆ ಇಡುವ ಗೇಣುದ್ದದ ಹೆಜ್ಜೆಯಲ್ಲಿ. ಆಕೆಯ ಹೊಲಿಗೆ ಡಬ್ಬಿಯಿಂದ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತೆಗೆದು ನೆಲದ ಮೇಲೆ ಹದಿನಾಲ್ಕು ಗೆರೆ ಎಳೆದಿದ್ದ. ಆಕೆಗೆ ಬೇಕಿದ್ದದ್ದೂ ಅಷ್ಟೇ. ಊರು ಸುತ್ತುವ ಆಸೆಯೇನೂ ಇರಲಿಲ್ಲ. ತನ್ನ ಕಾಲ ಮೇಲೆ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಒಬ್ಬಳೇ ಕೂತು ಬರಬೇಕು. ಮೂವತ್ತೆರಡು ವರ್ಷ ಸಂಸಾರ ಮಾಡಿದ ಗಂಡನೇ ಆದರೂ, ದಿನಕ್ಕೆ ಆರು ಸಲ ಅವನು ಎತ್ತಿ ಕೂರಿಸಿ ಗೋಡೆ ಕಡೆ ಮುಖ ತಿರುಗಿಸಿ ನಿಲ್ಲುವಾಗ ಆಕೆಗೆ ನೆಲವೇ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಬೀದಿಯಲ್ಲಿ ಆಕೆಗೆ ವಕೀಲಮ್ಮ ಎಂದೇ ಹೆಸರು. ಕಸುಬಿನಿಂದ ಹೊಲಿಗೆಯವಳು, ಆದರೆ ಯಾರ ಮನೆಗೆ ಕಚೇರಿಯ ಕಾಗದ ಬಂದರೂ ಅದು ಮೊದಲು ಬರುತ್ತಿದ್ದದ್ದು ಆಕೆಯ ಮಿಷನ್ನಿನ ಮೇಲಕ್ಕೆ. ಅವರ ಜೊತೆ ಹೋಗಿ, ಗುಮಾಸ್ತರ ಎದುರು ಕೂತು, ಮೇಜಿನ ಆಚೆಗಿನ ಕಾಗದವನ್ನು ತಲೆಕೆಳಗಾಗಿಯೇ ಓದಿ ಮಾತಿಗೆ ಮಾತು ಕೊಡುತ್ತಿದ್ದಳು. ಗಂಡನೋ, ಬೇಕರಿಯ ಒಲೆಯ ಮುಂದೆ ಇಪ್ಪತ್ತೇಳು ವರ್ಷ ಬ್ರೆಡ್ಡು ಸುಟ್ಟವನು, ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದ ಹಾಗಿದ್ದ. ನಾಲ್ಕು ಜನರ ನಡುವೆ ಕೂತರೆ ಮೇಜಿನ ಕೆಳಗೆ ಆಕೆ ಅವನ ತೊಡೆ ಚಿವುಟಬೇಕು. ಆಗ "ಹೌದು, ಈ ವರ್ಷ ಸೆಕೆ ಜಾಸ್ತಿ" ಅನ್ನುವಂಥ ಒಂದು ಮಾತು ಹೊರಗೆ ಬೀಳುತ್ತಿತ್ತು.

ಎರಡು ವರ್ಷದ ಹಿಂದೆ ಲಕ್ವ ಹೊಡೆದು ಆಕೆಯ ಬಲಭಾಗ ಹೋಯಿತು. ಮಾತೂ ಹೋಯಿತು. ತಲೆಯಲ್ಲಿ ಎಲ್ಲವೂ ಇದೆ, ಬಾಯಿಗೆ ಬರುವುದು ಮಾತ್ರ "ಹಾಂ", "ಬೇಡ", ಇನ್ನೊಂದು "ಅಯ್ಯೋ ದೇವರೇ". ಕೊನೆಯದು ಎಷ್ಟು ಸ್ಪಷ್ಟವಾಗಿ ಬರುತ್ತಿತ್ತೆಂದರೆ, ಹೊಸಬರು ಆಕೆಗೆ ಮಾತಿಗೇನೂ ತೊಂದರೆಯಿಲ್ಲ ಅಂದುಕೊಳ್ಳುತ್ತಿದ್ದರು. ಗಂಡ ಬೇಕರಿ ಬಿಟ್ಟು ಮನೆಯಲ್ಲಿ ಕೂತ. ಆಕೆಯ ಪಾಲಿನ ಮಾತನ್ನೂ ತಾನೇ ಆಡಬೇಕಾಗಿ ಬಂದು, ಮಗು ಕಲಿತ ಹಾಗೆ ಮಾತು ಕಲಿತ.

ಊಟಕ್ಕೆ ಸರ್ಕಾರದ ಆಹಾರ ಕಾರ್ಡು ಬಂತು. ಕಾರ್ಡಿನ ಜೊತೆ, ಎಲ್ಲರೂ ಕಸದ ಬುಟ್ಟಿಗೆ ಹಾಕುವಂಥ ಒಂದು ಮಡಚಿದ ಕಾಗದ. ಆಕೆ ಎಡಗೈಯಿಂದ ತೋರಿಸಿ ತೋರಿಸಿ ಅವನ ಕೈಲಿ ಓದಿಸಿದಳು. ಕಾರ್ಡು ಇದ್ದವರಿಗೆ ಬಸ್ಸಿನಲ್ಲಿ ಅರ್ಧ ಟಿಕೆಟ್ಟು, ವಸ್ತುಸಂಗ್ರಹಾಲಯ ಬಿಟ್ಟಿ, ಮೃಗಾಲಯ ಬಿಟ್ಟಿ.

"ನೋಡೇ, ಹೊಟ್ಟೆಗಿಲ್ಲದೋರಿಗೆ ಸಿಂಹ ತೋರಿಸ್ತಾರಂತೆ," ಎಂದ ಗಂಡ. "ಅದಕ್ಕೆ ದಿನಾ ಎಷ್ಟು ಕೇಜಿ ಮಾಂಸ ಹಾಕ್ತಾರೆ ಅಂತ ಕೇಳ್ಕೊಂಡು ಬರೋಣ."

ಆಕೆ ನಗಲಿಲ್ಲ. ಬೆರಳು ಕೆಳಗಿನ ಸಾಲಿನ ಮೇಲೆ ನಿಂತು ಟಕಟಕ ಬಡಿಯುತ್ತಿತ್ತು. ಬಿಸಿನೀರಿನ ಈಜುಕೊಳ, ಕಾರ್ಡುದಾರರಿಗೂ ಸಂಗಡ ಬರುವ ಒಬ್ಬರಿಗೂ, ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಉಚಿತ.

"ಈಜೋಕಾ? ನೀನಾ?" ಎಂದ. ಬೆರಳು ಬಡಿಯುತ್ತಲೇ ಇತ್ತು.

ಈಜಿನ ಉಡುಪನ್ನು ಹಳೆ ಬಟ್ಟೆ ಅಂಗಡಿಯಿಂದ ತಂದ. ದೊಗಳೆಯಾಗಿತ್ತು. ಅವನು ಬಟ್ಟೆ ಹಿಡಿದ, ಆಕೆ ಎಡಗೈಯಲ್ಲಿ ಹೊಲಿದಳು. ಹೊಲಿಗೆ ಕೋಳಿ ಕೆದರಿದ ಹಾಗೆ ಬಂತು, ಆದರೆ ಬಿಚ್ಚಲಿಲ್ಲ. ಮೊದಲ ತಿಂಗಳು ಸುಮ್ಮನೆ ತೇಲಿದಳು. ನಾಲ್ಕನೇ ತಿಂಗಳಿಗೆ ಮೂರು ಹೆಜ್ಜೆ. ಈಗ ಹನ್ನೊಂದು. ನೆಲದ ಮೇಲೆ ಇನ್ನೂ ಒಂದೂ ಇಲ್ಲ, ನಿಲ್ಲಿಸಿದರೆ ಕುಸಿಯುತ್ತಿದ್ದಳು. ಆದರೆ ನೀರಿನಲ್ಲಿ ಹದಿನಾಲ್ಕಾದ ಮೇಲೆ ನೆಲ ಎಂದು ಗಂಡ ಲೆಕ್ಕ ಹಾಕಿದ್ದ.

ಆ ವಾರವೇ ಕಾರ್ಡಿನ ವರ್ಷದ ತಪಾಸಣೆ ಬಂತು. ಕಟ್ಟಳೆ ಆಕೆಗೆ ಬಾಯಿಪಾಠ. ಮನೆಯಲ್ಲಿ ದುಡಿಯಬಲ್ಲವರಿದ್ದರೆ ವಾರಕ್ಕೆ ಇಪ್ಪತ್ತು ಗಂಟೆ ಕೆಲಸ ತೋರಿಸಬೇಕು, ಇಲ್ಲದಿದ್ದರೆ ಕಾರ್ಡಿಲ್ಲ. ಎದ್ದು ಓಡಾಡಲಾಗದವರನ್ನು ನೋಡಿಕೊಳ್ಳುವವರಿಗೆ ಮಾತ್ರ ವಿನಾಯಿತಿ. ಹಿಂದಿನ ವರ್ಷ ಕಚೇರಿಯಲ್ಲಿ ಕೇಳಿದ್ದಕ್ಕೆಲ್ಲ ಗಂಡ "ಇಲ್ಲ ಸಾರ್" ಎಂದು ಎರಡೇ ನಿಮಿಷದಲ್ಲಿ ಎದ್ದು ಬಂದಿದ್ದ.

ಈ ಸಲದ ಗುಮಾಸ್ತ ನೆಗಡಿಯಾಗಿದ್ದ ಸಾಧು ಮನುಷ್ಯ. ಮೂಗೊರೆಸಿಕೊಂಡು, "ಅಮ್ಮ ಹೇಗಿದಾರೆ ಈಗ? ಓಡಾಡ್ತಾರಾ?" ಎಂದ.

ಗಂಡ ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಅವನ ಮುಖ ಅರಳಿದ್ದನ್ನು ಕಂಡೇ ಆಕೆಗೆ ಮುಂದಿನದು ಗೊತ್ತಾಯಿತು.

"ನಡೀತಾಳೆ ಸಾರ್! ಹನ್ನೊಂದು ಹೆಜ್ಜೆ. ಮೊನ್ನೆ ಮಂಗಳವಾರ."

"ಹೌದಾ? ಒಳ್ಳೇದಾಯ್ತಲ್ಲ!" ಗುಮಾಸ್ತನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಅವನ ಪೆನ್ನು ಕಾಗದದ ಮೇಲೆ ಒಂದು ಚೌಕದಿಂದ ಎದ್ದು ಪಕ್ಕದ ಚೌಕದ ಕಡೆ ಹೊರಟಿತು. ವಕೀಲಮ್ಮ ತಲೆಕೆಳಗಾಗಿ ಓದಿದಳು: 'ಓಡಾಡಬಲ್ಲರು'. ಅಲ್ಲ, ನೀರಿನಲ್ಲಿ ಮಾತ್ರ, ನೀರಿನಲ್ಲಿ ಮಾತ್ರ. ತಲೆಯೊಳಗೆ ಇಡೀ ವಾದ ಸಾಲಾಗಿ ನಿಂತಿತ್ತು. ಬಾಯಿಗೆ ಬಂದದ್ದು ಒಂದೇ.

"ಬೇಡ," ಎಂದಳು. "ಬೇಡ, ಬೇಡ."

"ಹೊಗಳಿದ್ರೆ ನಾಚ್ಕೋತಾಳೆ ಸಾರ್," ಎಂದ ಗಂಡ.

ಆಕೆ ಎಡಗೈ ಚಾಚಿ ಅವನ ತೊಡೆ ಚಿವುಟಿದಳು, ಉಗುರು ಇಳಿಯುವಷ್ಟು. ಮೂವತ್ತೆರಡು ವರ್ಷದಲ್ಲಿ ಆ ಚಿವುಟಿಗೆ ಅವನು ಕಲಿತದ್ದು ಬಾಯಿ ಬಿಡುವುದನ್ನು ಮಾತ್ರ. ಹೆಂಡತಿಯ ಕಡೆ ತಿರುಗಿ ತಲೆಯಾಡಿಸಿ, ಇನ್ನಷ್ಟು ಧೈರ್ಯ ತಂದುಕೊಂಡು ಹೇಳಿದ: "ಒಂದಾರು ತಿಂಗಳು ಬಿಡಿ ಸಾರ್. ಇವಳೇ ಒಬ್ಬಳೇ ನಡ್ಕೊಂಡು ಬಂದು ನಿಮ್ಮ ಮುಂದೆ ಸಹಿ ಹಾಕ್ತಾಳೆ. ಇವಳು ಸಾಮಾನ್ಯದೋಳಲ್ಲ, ನಮ್ಮ ಬೀದೀಲೆಲ್ಲ ವಕೀಲಮ್ಮ ಅಂತಾರೆ."

ಪೆನ್ನು ಪಕ್ಕದ ಚೌಕದಲ್ಲಿ ಗೀಟು ಹಾಕಿತು.

"ಅಯ್ಯೋ ದೇವರೇ," ಎಂದಳು ವಕೀಲಮ್ಮ, ಗಂಟೆ ಹೊಡೆದ ಹಾಗೆ. ಇಬ್ಬರು ಗಂಡಸರೂ ಪ್ರೀತಿಯಿಂದ ನಕ್ಕರು.

ಎರಡು ವಾರ ಕಳೆದು ಶುಕ್ರವಾರ ಹನ್ನೆರಡನೇ ಹೆಜ್ಜೆಗೆಂದು ಹೋದಾಗ, ಕೊಳದ ಬಾಗಿಲಲ್ಲಿ ಯಂತ್ರಕ್ಕೆ ಕಾರ್ಡು ಉಜ್ಜಿದರೆ ಕೆಂಪು ದೀಪ. ಕಾರ್ಡನ್ನು ಅಂಗಿಗೆ ಒರೆಸಿ ಮತ್ತೆ ಉಜ್ಜಿದ. ಮತ್ತೆ ಕೆಂಪು. ಸೀಟಿಯ ಹುಡುಗಿ ಒಳಗಿನಿಂದ ಬಂದು ನೋಡಿ, "ಯಜಮಾನ್ರೇ, ಇದು ನನ್ನ ಕೈಲಿಲ್ಲ," ಎಂದು ನೆಲ ನೋಡಿದಳು. ಟಿಕೆಟ್ಟು ಕೊಂಡು ಹೋಗುವ ಮಾತನ್ನು ಮೂವರಲ್ಲಿ ಯಾರೂ ಎತ್ತಲಿಲ್ಲ.

ಮನೆಗೆ ಬಂದರೆ ಬಾಗಿಲ ಸಂದಿಯಲ್ಲಿ ಕಾಗದ. ಎಂದಿನಂತೆ ಗಂಡ ಜೋರಾಗಿ ಓದಲು ಶುರುಮಾಡಿದ. 'ಪತ್ನಿಯು ನಡೆದಾಡುವಷ್ಟು ಚೇತರಿಸಿಕೊಂಡಿರುವುದಾಗಿ ತಾವೇ ಹೇಳಿಕೆ ನೀಡಿರುವುದರಿಂದ' ಎಂಬಲ್ಲಿಗೆ ದನಿ ಸಣ್ಣದಾಯಿತು. ಮುಂದಿನದನ್ನು ತುಟಿಯಲ್ಲೇ ಓದಿಕೊಂಡ. ಆಮೇಲೆ ಪ್ಯಾಂಟಿನ ಮೇಲಿಂದ ತೊಡೆ ಸವರಿಕೊಂಡ, ಆಕೆ ಚಿವುಟಿದ್ದ ಜಾಗವನ್ನು.

"ನೀನು ಅದಕ್ಕಾ..." ಎಂದ.

ಆಕೆ ಎಡಗೈ ಚಾಚಿ ಅವನ ಕೈಯಿಂದ ಕಾಗದ ತೆಗೆದುಕೊಂಡಳು.

ಸೋಮವಾರ ಆಕೆಯನ್ನು ತಳ್ಳುಕುರ್ಚಿಯಲ್ಲಿ ಕೂರಿಸಿಕೊಂಡು ಕಚೇರಿಗೆ ಓಡಿದ. "ನೀರಲ್ಲಿ ನಡೀತಾಳೆ ಅಂತ ಹೇಳಿದ್ದು ಸಾರ್. ನೆಲದ ಮೇಲಲ್ಲ. ಬೇಕಾದ್ರೆ ಈಗಲೇ ನಿಲ್ಲಿಸಿ ತೋರಿಸ್ತೀನಿ, ಬಿದ್ದುಹೋಗ್ತಾಳೆ."

"ಛೆ ಛೆ, ಅವೆಲ್ಲ ಬೇಡ," ಎಂದು ಗುಮಾಸ್ತ ಎದ್ದೇ ನಿಂತ. ಪಾಪ, ಅವನಿಗೂ ಮುಖ ಸಣ್ಣದಾಗಿತ್ತು. "ನಮ್ಮ ಫಾರಂನಲ್ಲಿ ನೀರು ಬೇರೆ ನೆಲ ಬೇರೆ ಅಂತ ಕಾಲಂ ಇಲ್ಲ ಯಜಮಾನ್ರೇ. ಡಾಕ್ಟರ ಹತ್ರ ನಡೆಯೋಕಾಗಲ್ಲ ಅಂತ ಬರೆಸ್ಕೊಂಡು ಬನ್ನಿ."

ಡಾಕ್ಟರ ದಫ್ತರದಲ್ಲಿ 'ಒಳ್ಳೆಯ ಚೇತರಿಕೆ, ನಡಿಗೆ ಆರಂಭ' ಎಂದು ಆಗಲೇ ಬರೆದಿತ್ತು. ಅಲ್ಲಿಯೂ ಹನ್ನೊಂದರ ಸುದ್ದಿ ಹೇಳಿ ಬಂದವನು ಇವನೇ. ಹನ್ನೊಂದಾದ ಆ ವಾರ ಅವನು ಹೇಳದೆ ಬಿಟ್ಟ ಮನೆ ಬೀದಿಯಲ್ಲಿ ಒಂದೂ ಇರಲಿಲ್ಲ. ಡಾಕ್ಟರು ಬರೆದದ್ದನ್ನು ತಿದ್ದಲು ಒಪ್ಪಲಿಲ್ಲ.

ಉಣ್ಣುವುದಕ್ಕಂತೂ ಬೇಕಲ್ಲ. ಹಳೆಯ ಬೇಕರಿಯಲ್ಲಿ ಒಲೆಯ ಕೆಲಸ ಈಗ ಯಂತ್ರದ ಪಾಲಾಗಿತ್ತು. ತಟ್ಟೆ ತೊಳೆಯುವ ಕೆಲಸ ಕೊಟ್ಟರು, ದಿನಾ ಮಧ್ಯಾಹ್ನ ಒಂದರಿಂದ ಐದು, ವಾರಕ್ಕೆ ಐದು ದಿನ. ಮಂಗಳವಾರ ಶುಕ್ರವಾರ ಎರಡು ದಿನ ಬೆಳಿಗ್ಗೆ ಬರ್ತೀನಿ ಎಂದು ಕೇಳಿದನಂತೆ. "ತಟ್ಟೆ ಖಾಲಿಯಾಗೋದೇ ಮಧ್ಯಾಹ್ನ ಕಣಯ್ಯಾ, ಬೆಳಿಗ್ಗೆ ಬಂದು ಏನು ನೆಕ್ತೀಯಾ?" ಎಂದನಂತೆ ಬೇಕರಿಯ ಧಣಿ. ಇಪ್ಪತ್ತು ಗಂಟೆ ಸರಿಯಾಯಿತು. ತಿಂಗಳೊಳಗೆ ಕಾರ್ಡು ಮತ್ತೆ ಜೀವ ಹಿಡಿಯಿತು. ಅದರ ಜೊತೆ ಅದೇ ಮಡಚಿದ ಕಾಗದವೂ ಹೊಸದಾಗಿ ಬಂತು: ಮೃಗಾಲಯ, ಅರ್ಧ ಟಿಕೆಟ್ಟು, ಈಜುಕೊಳ, ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ. ಅವನು ಅದನ್ನು ಓದಲಿಲ್ಲ. ಆಕೆಯೂ ಬೆರಳು ತೋರಿಸಲಿಲ್ಲ.

ಒಂದರಿಂದ ಐದರವರೆಗೆ ಆಕೆಯ ಕೆಳಗೆ ರಬ್ಬರಿನ ಹಾಳೆ, ಅದರ ಮೇಲೆ ಎರಡು ಮಡಿಕೆ ಹಳೇ ಬಟ್ಟೆ. ಮೊದಮೊದಲು ಆಕೆ ಬೆಳಿಗ್ಗೆಯಿಂದಲೇ ನೀರು ಕುಡಿಯದೆ ತಡೆದುಕೊಂಡಳು. ಆಮೇಲೆ ತಡೆಯುವುದನ್ನು ಬಿಟ್ಟಳು. ಹೊಲಿದುಕೊಂಡಿದ್ದ ಈಜಿನ ಉಡುಪು ಮೊಳೆಯಲ್ಲಿ ನೇತಾಡಿ ನೇತಾಡಿ ಗಟ್ಟಿಯಾಗಿ, ಹೆಗಲಿನ ಆಕಾರದಲ್ಲೇ ನಿಂತುಬಿಟ್ಟಿತ್ತು.

ಗಂಡ ಮತ್ತೆ ಮೊದಲಿನಂತಾದ. ಬೇಕಾದದ್ದೆಲ್ಲ ಮಾಡುತ್ತಿದ್ದ, ಎತ್ತುತ್ತಿದ್ದ, ಒರೆಸುತ್ತಿದ್ದ, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಒಂದು ಮಂಗಳವಾರ, ಕೆಲಸಕ್ಕೆ ಹೊರಡುವ ಮೊದಲು ಅವನು ಮಂಚದ ಅಂಚಿಗೆ ಕೂತು ಬೂಟಿನ ದಾರ ಕಟ್ಟುತ್ತಿದ್ದಾಗ, ಆಕೆ ಎಡಗೈ ಚಾಚಿ ತೊಡೆ ಚಿವುಟಿದಳು, ಮೆಲ್ಲಗೆ. ಅವನು ಆ ಕೈಯನ್ನು ನೋಡಿದ. ಅದನ್ನು ಎತ್ತಿ ಹೊದಿಕೆಯೊಳಗೆ ಇಟ್ಟು, ಎದ್ದು, ಬಕೆಟ್ಟು ತಂದು ನೆಲ ಒರೆಸಲು ಕೂತ.

ಮಂಚದ ಬುಡದಿಂದ ಶುರುಮಾಡಿದ. ಆಕೆ ದಿಂಬಿನ ಮೇಲೆ ತಲೆ ಓರೆ ಮಾಡಿ ನೋಡುತ್ತಿದ್ದಳು. ಮೊದಲ ಗೆರೆಯ ಹತ್ತಿರ ಬಂದಾಗ ಒದ್ದೆ ಬಟ್ಟೆ ಒಂದು ಕ್ಷಣ ನಿಂತು, ಅದನ್ನು ಸುತ್ತುಹಾಕಿಕೊಂಡು ಹೋಯಿತು. ಎರಡನೆಯದನ್ನೂ ಸುತ್ತಿತು. ಹಾಗೆಯೇ ಬಚ್ಚಲಿನ ಬಾಗಿಲವರೆಗೆ ಮೊಣಕಾಲ ಮೇಲೆ ಹಿಂದೆ ಹಿಂದೆ ಸರಿಯುತ್ತ ಹೋದ. ಬಕೆಟ್ಟಿನ ನೀರು ಬಚ್ಚಲಿಗೆ ಚೆಲ್ಲಿ, ಕೈ ಒರೆಸಿಕೊಂಡು, ಬಾಗಿಲೆಳೆದುಕೊಂಡು ಹೊರಟುಹೋದ.

ನೆಲವೆಲ್ಲ ಒದ್ದೆಯಾಗಿ ಕಿಟಕಿಯ ಬೆಳಕಿಗೆ ಹೊಳೆಯುತ್ತಿತ್ತು. ನಡುವೆ, ಮಂಚದಿಂದ ಬಚ್ಚಲುಮನೆಯವರೆಗೆ, ನೀಲಿ ಗೆರೆಯ ಸುತ್ತ ಅಂಗೈ ಅಗಲದ ಒಣ ತೇಪೆಗಳು, ಹದಿನಾಲ್ಕು.