ಆನಂದಬಾಗಿನ ನೆಲ

ಬದುಕಿದ್ದವನ ಎದುರು ಹೇಳಬೇಕಾಗಿದ್ದ ಮಾತನ್ನು ಅವನು ಹೋದ ಮೇಲೆ ಹೇಳುವುದು ತಪ್ಪೇ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕೊಟ್ಟೂರಯ್ಯನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಜಾರದಂತೆ ಎದೆಗೆ ಪಂಚೆ ಬಿಗಿಯುತ್ತಿದ್ದವನು ಗುರುಶಾಂತಯ್ಯ. ಕಾಶಿಯ ಕೇದಾರ ಘಾಟಿನ ಮೇಲಿನ ಆ ಚಿಕ್ಕ ಜಂಗಮರ ಮಠಕ್ಕೆ ಅವನು ಗುಮಾಸ್ತ, ಅಲ್ಲಿಯವರ ಬಾಯಲ್ಲಿ ಮುನೀಮ. ಸತ್ತವನು ಮಠದ ತೋಟ ಕಾದವನು.

"ಮುನೀಮರ, ದೋಣಿ ಯಾಕ ಹೇಳೀರಿ?" ಅಡುಗೆಯ ವೀರಮ್ಮ ವಿಭೂತಿ ತಟ್ಟೆ ಹಿಡಿದು ಕೇಳಿದಳು. "ಜಂಗಮಗ ಮಣ್ಣು ಕೊಡಬೇಕ್ರೀ. ಕಲ್ಲು ಕಟ್ಟಿ ನೀರಿಗೆ ಹಾಕೋದಾ? ತೋಟದಾಗ ಅವಗ ಜಾಗ ಇಟ್ಟೀನಿ ಅಂತ ನೀವ ಅಂದಿದ್ರಂತ."

"ಅಲ್ಲೆಲ್ಲಾ ಈಗ ಮನಿ ಅದಾವ, ವೀರಮ್ಮ."

"ಅವು ಹೆಂಗ ಬಂದ್ವು? ತಾವ ನಡಕೊಂಡು ಬಂದ್ವಾ?"

ಅಷ್ಟರಲ್ಲಿ ಬದರೀನಾರಾಯಣ ಒಳಬಂದ. ಕನ್ನಡ ಯಾತ್ರಿಕರ ಪುರೋಹಿತ, ಆ ತೋಟವಿದ್ದ ಜಾಗದ ಆನಂದಬಾಗಿನಲ್ಲಿ ಮೊದಲ ಮನೆ ಕಟ್ಟಿದವನು.

"ಅರೇ ಪಾಪ! ಅಜ್ಜ ಪ್ರತಿ ಸೋಮವಾರ ಬರ್ತಿದ್ರು ಮುನೀಮ್‌ಜಿ. ನಮ್ಮ ಹೊಸ್ತಿಲ ಹತ್ರ ಒಂದು ಬಿಲ್ವಪತ್ರೆ, ಹ್ಯಾಂಡ್‌ಪಂಪ್ ಹತ್ರ ಒಂದು, ರಸ್ತೆ ಮಧ್ಯೆ ಒಂದು ಇಡೋರು. ಯಾಕಜ್ಜಾ ಅಂದ್ರೆ ನಗೋರು. ತಲೆ ಸ್ವಲ್ಪ ಢೀಲಾ, ಸಡಿಲ ಅಂತ ನಾವೂ ತಮಾಷೆ ಮಾಡ್ತಿದ್ವಿ."

ಗುರುಶಾಂತಯ್ಯ ಕಟ್ಟಿದ್ದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ.

*

ಊರಾಚೆಯ ಆ ತೋಟವನ್ನು ಸುತ್ತಲಿನವರು ಸಮಾಧಿಬಾಗ್ ಎನ್ನುತ್ತಿದ್ದರು. ಕಾಶಿಯಲ್ಲಿ ಸತ್ತವರನ್ನು ಸುಡುತ್ತಾರೆ. ಈ ಮಠದ ಜಂಗಮರನ್ನು ಮಾತ್ರ ಅಲ್ಲಿ ಕೂರಿಸಿ ಮಣ್ಣು ಮಾಡಿ, ಮೇಲೊಂದು ಕಲ್ಲು ನೆಡುತ್ತಿದ್ದರು. ಅರವತ್ತೆರಡನೆಯ ಇಸವಿಯಲ್ಲಿ, ಬಂಗಾಲಿ ಟೋಲಾದ ಗಲ್ಲಿಗಳಲ್ಲಿ ಒತ್ತಿಕೊಂಡು ಬದುಕುತ್ತಿದ್ದ ಕನ್ನಡದ ಮನೆತನಗಳಿಗೆ ಅಲ್ಲಿ ಜಾಗ ಕೊಡಿಸಲು ಗುರುಶಾಂತಯ್ಯನೇ ಓಡಾಡಿದ. ಮೊದಲು ನೋಡಲು ಬಂದವರು ಹೆಸರು ಕೇಳಿಯೇ ಹಿಂದೆ ಸರಿದರು.

"ಕಲ್ಲು ಕಿತ್ತುಬಿಡು ಕೊಟ್ಟೂರಯ್ಯ. ಹೆಸರು ನಾ ಬದ್ಲಿ ಮಾಡಸ್ತೀನಿ."

"ಒಳಗ ಕುಂತೋರು?"

"ಅವರಿಗೇನು ತ್ರಾಸ ಆಗ್ತದ? ನಿನಗೂ ಬಾಜೂಕ ಒಂದು ಜಾಗ ಬಿಟ್ಟಿರ್ತೀನಿ."

ಕೊಟ್ಟೂರಯ್ಯ ಮೂರು ದಿನ ಹಾರೆ ಹಿಡಿದ. ಒಂದೊಂದಕ್ಕೂ ಕೈಮುಗಿದು, ಹನ್ನೊಂದು ಕಲ್ಲು ಕಿತ್ತ. ಆನಂದಬಾಗ್ ಎಂದು ಫಲಕ ಬರೆಸಿದವನು ಗುರುಶಾಂತಯ್ಯ. ಕೊಟ್ಟೂರಯ್ಯನಿಗೆಂದು ಬಿಟ್ಟಿದ್ದ ಜಾಗವನ್ನೂ ಎರಡೇ ವರ್ಷದಲ್ಲಿ ಯಾರೋ ಕೇಳಿದರು. ಇಲ್ಲವೆಂದರೆ ಕಾರಣ ಹೇಳಬೇಕಾಗುತ್ತಿತ್ತು. ಕೊಟ್ಟುಬಿಟ್ಟ.

*

"ಮಣ್ಣೇ ಆಗಬೇಕಂದ್ರೆ ನಮ್ಮ ಕಾಲೋನಿ ಮೂಲೇಲಿ ಕೇಳಬಹುದಿತ್ತು," ಎಂದ ಬದರೀನಾರಾಯಣ. "ಆದ್ರೆ ಮಕ್ಕಳುಮರಿ ಇರೋ ಜಾಗ. ಅಲ್ಲಿ ಹೆಣ ಹೂಳ್ತಾರಾ ಮುನೀಮ್‌ಜಿ, ನೀವೇ ಹೇಳಿ?"

ವೀರಮ್ಮ ಗುರುಶಾಂತಯ್ಯನ ಮುಖವನ್ನೇ ನೋಡಿದಳು. ಈಗಲಾದರೂ ಹೇಳಬಹುದಿತ್ತು.

"ದೋಣಿ ಕಾಯ್ತದ," ಎಂದ ಗುರುಶಾಂತಯ್ಯ.

ನಡುಗಂಗೆಯಲ್ಲಿ ಕೊಟ್ಟೂರಯ್ಯ ಕೂತಂತೆಯೇ ಮುಳುಗಿದ.

ಮಧ್ಯಾಹ್ನ ಗುರುಶಾಂತಯ್ಯ ಒದ್ದೆ ಪಂಚೆಯಲ್ಲೇ ರಿಕ್ಷಾ ಹತ್ತಿ ಆನಂದಬಾಗಿಗೆ ಹೋದ. ಹೆಂಗಸರು ಬಿಸಿಲಿಗೆ ಹಪ್ಪಳ ಹರವಿದ್ದರು. ಮಕ್ಕಳು ಹಿಂದಿಯಲ್ಲಿ ಕೂಗುತ್ತ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡುತ್ತಿದ್ದರು. ಅವನು ರಸ್ತೆಯ ಬಾಯಲ್ಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ. ಒಂದು ಕಾಲು ಮುಂದಿಟ್ಟವನು ಹಿಂದಕ್ಕೆಳೆದುಕೊಂಡ. ಇನ್ನೊಂದು ಕಡೆ ಇಡಹೋಗಿ, ಅಲ್ಲಿಂದಲೂ ಎಳೆದುಕೊಂಡ.

ಕೊಟ್ಟೂರಯ್ಯ ಪತ್ರೆ ಇಡುತ್ತಿದ್ದ ಜಾಗಗಳಲ್ಲಿ ಬದರೀನಾರಾಯಣ ಹೇಳಿದ್ದು ಮೂರು. ಮಿಕ್ಕ ಎಂಟು ಸಮಾಧಿ ಎಲ್ಲೆಲ್ಲಿವೆಯೋ, ಯಾರಿಗೂ ತಿಳಿಯದು.