ಬಳೆ ಉಂಟು, ಮುಖ ಇಲ್ಲ

ಪಾಣೆಮಂಗಳೂರು ಪೇಟೆಯ ಸಮಸ್ತ ಮಹಾಜನರ ಗಮನಕ್ಕೆ ತರಬಯಸುವುದೇನೆಂದರೆ, ೨೦೦೬ನೇ ಇಸವಿಯ ಒಂದು ಶುಕ್ರವಾರ ಸಂಜೆ ನಫೀಸಮ್ಮನವರ ಜಗಲಿಯಲ್ಲಿ ಒಬ್ಬನೇ ಅತಿಥಿಗೆ ಮೂರು ಸಲ ಚಹಾ ಕೊಡಲಾಯಿತು. ಅತಿಥಿಯಾದ ಅಬ್ಬಾಸ್ ಮರ್ಯಾದೆಗೆ ಮೂರನ್ನೂ ಕುಡಿದರು. ಘಟನೆಯಲ್ಲಿ ಯಾರಿಗೂ ಗಾಯಗಳಾಗಿಲ್ಲ.

ಹೊರಗಡೆಯಿಂದ ನೋಡಿದರೆ ಅಷ್ಟೇ. ಮೂರನೆಯ ಲೋಟ ಇಡಲು ಬಗ್ಗಿದಾಗ ನಫೀಸಮ್ಮನಿಗೆ ಸ್ಟೂಲಿನ ಮೇಲೆ ಎರಡು ಖಾಲಿ ಲೋಟ ಕಂಡವು. ಇವನ್ನು ತಂದದ್ದು ಯಾರು ಎಂದು ಕೇಳಲು ಬಾಯಿ ತೆರೆದರು, ಕೇಳದೆ ಮುಚ್ಚಿದರು. ಆ ಊರಿನಲ್ಲಿ ಅವರ ಮರೆವಿಗೆ ಮರೆಯಾಗಿ ನಿಂತದ್ದು ಮರ್ಯಾದೆಯೊಂದೇ.

ಕಾಯಿಲೆಯ ಹೆಸರನ್ನು ಮಂಗಳೂರಿನ ಡಾಕ್ಟರು ಕಳೆದ ರಂಜಾನಿಗೇ ಹೇಳಿದ್ದರು. "ಆಲ್‌ಝೈಮರಾ? ದುಬೈಯ ಯಾವುದೋ ಶೇಖನ ಹೆಸರಿದ್ದ ಹಾಗೆ ಉಂಟು," ಎಂದು ನಫೀಸಮ್ಮ ಮಗಳು ಸೌದಾಳ ಎದುರು ನಕ್ಕಿದ್ದರು. ಕೈಕಟ್ಟಿ ಕೂರಬೇಡಿ, ಮಾಡುತ್ತಿದ್ದ ಕೆಲಸಗಳನ್ನೆಲ್ಲ ಮಾಡುತ್ತಿರಿ ಎಂದಿದ್ದರು ಡಾಕ್ಟರು. ಹಾಗಾಗಿ ಅಕ್ಕಿಯ ಪತ್ತಿರಿ ರೊಟ್ಟಿ ತಟ್ಟುವುದು ನಡೆದಿತ್ತು, ಮದುವೆ ಮನೆಗಳಲ್ಲಿ ಮದುಮಗಳಿಗೆ ಮದರಂಗಿ ಹಚ್ಚಿ ಹಾಡುವುದು ನಡೆದಿತ್ತು. ಜೊತೆಗೆ ಇನ್ನೊಂದು ಕೆಲಸವೂ ನಡೆದಿತ್ತು. ನಫೀಸಮ್ಮ ಆ ಓಣಿಯ ಹಾಲಿ ಹಾಲು ಅಧಿಕಾರಿ.

ಒಂದೇ ತಾಯಿಯ ಎದೆಹಾಲು ಕುಡಿದ ಮಕ್ಕಳು ಹೊಟ್ಟೆ ಬೇರೆಯಾದರೂ ಅಣ್ಣ-ತಂಗಿಯರು. ಅವರೊಳಗೆ ನಿಕಾಹ್ ಕೂಡದು. ಒಬ್ಬಳಿಗೆ ಜ್ವರ ಬಂದರೆ ಪಕ್ಕದ ಮನೆಯವಳು ಮಗುವನ್ನು ಎತ್ತಿಕೊಳ್ಳುತ್ತಿದ್ದ ಕಾಲದಲ್ಲಿ ಯಾರು ಯಾರಿಗೆ ಹಾಲು ಕೊಟ್ಟರು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ನಫೀಸಮ್ಮನನ್ನು ಕೇಳಿದರಾಯಿತು ಎಂದು ಎಲ್ಲರೂ ನಿಶ್ಚಿಂತೆಯಾಗಿ ಮರೆತುಬಿಟ್ಟಿದ್ದರು.

ಮೆಲ್ಕಾರಿನಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟಿದ್ದ ಅಬ್ಬಾಸ್ ಅಂದು ಬಂದದ್ದೂ ಕೇಳುವುದಕ್ಕೇ. ಅವರ ಮಗ ಸಾಬಿತ್‌ಗೆ ಮಹಮ್ಮದ್ ಕುಂಞಿಯ ಮಗಳು ರಿಫಾ ಆದೀತೇ? "ಅಡ್ಡಿ ಇಲ್ಲ," ಎಂದುಬಿಟ್ಟರು ನಫೀಸಮ್ಮ. ನಾಲಿಗೆಗೆ ಅಭ್ಯಾಸವಾಗಿದ್ದ ಮಾತು.

ಅಬ್ಬಾಸ್ ಹೋದ ಮೇಲೆ ಹೆದರಿಕೆ ಹತ್ತಿಕೊಂಡಿತು. ರಿಫಾಳ ತಾಯಿ ಹೆರಿಗೆಯಲ್ಲೇ ತೀರಿಹೋದವಳು. ಮಹಮ್ಮದ್ ಕುಂಞಿಯೂ ಅಬ್ಬಾಸನೂ ಆಗ ಕುವೈತಿನಲ್ಲಿದ್ದರು. ಹಸುಗೂಸನ್ನು ಇದೇ ಜಗಲಿಗೆ ತಂದಿದ್ದರು. ಯಾರೋ ಬಂದು ಚಾಪೆಯ ಮೇಲೆ ಕೂತು ದಿನವೂ ಹಾಲು ಕೊಟ್ಟಿದ್ದಳು. ನಫೀಸಮ್ಮ ಕಣ್ಣು ಮುಚ್ಚಿದರೆ ಚಾಪೆ ಕಾಣುತ್ತಿತ್ತು. ಮಗುವಿನ ಕಾಲಿನ ಕಪ್ಪು ದಾರ ಕಾಣುತ್ತಿತ್ತು. ಮಗುವಿನ ತಲೆ ಹಿಡಿದ ಕೈ, ಆ ಕೈಯ ಹಸಿರು ಗಾಜಿನ ಬಳೆ ಕಾಣುತ್ತಿತ್ತು. ಕೈಯಿಂದ ಮೇಲೆ ಹೋದರೆ ಬೆಳ್ಳಗೆ ಗೋಡೆ. ಅದು ಅಬ್ಬಾಸನ ಹೆಂಡತಿಯ ಕೈಯೇ? ಕೇಳುವ ಎಂದರೆ ಆಕೆ ಸಕ್ಕರೆ ಕಾಯಿಲೆಯಲ್ಲಿ ತೀರಿಹೋಗಿ ಎರಡು ವರ್ಷವಾಗಿತ್ತು.

ಸಿಹಿ ಹಿಡಿದುಕೊಂಡು ಮತ್ತೆ ಬಂದ ಅಬ್ಬಾಸರನ್ನು ನಫೀಸಮ್ಮ ಬಾಗಿಲಲ್ಲೇ ತಡೆದರು.

"ಅಬ್ಬಾಸ್, ಮೊನ್ನೆ ಅಡ್ಡಿ ಇಲ್ಲ ಅಂತ ಹೇಳಿದೆನಲ್ಲ, ಅದನ್ನು ವಾಪಸ್ ತೆಗೊಳ್ತೇನೆ."

"ಅಲ್ಲಾ! ಹಾಗಾದರೆ ಅಡ್ಡಿ ಉಂಟಾ?"

"ಅದೂ ಗೊತ್ತಿಲ್ಲ."

"ಎಂತ ನಫೀಸಮ್ಮ ನೀವು! ಉಂಟು, ಇಲ್ಲ, ಎರಡರಲ್ಲಿ ಒಂದಾದರೂ ಇರಬೇಕಲ್ಲ?"

"ತಲೆಯಲ್ಲಿ ಬಳೆ ಉಂಟು, ಮುಖ ಇಲ್ಲ. ನನಗೆ ಮರೆವಿನ ಕಾಯಿಲೆ."

ಅಬ್ಬಾಸ್ ಅಲ್ಲೇ ಕುಸಿದು ಕೂತರು. ಕಾರಣ ಹೇಳಿದರೆ ನಫೀಸಮ್ಮನ ಕಾಯಿಲೆ ಊರಿಗೆಲ್ಲ ಬಯಲು. ಹೇಳದೆ ಸಂಬಂಧ ಬಿಟ್ಟರೆ ಹುಡುಗಿಯ ಹೆಸರು ಹಾಳು. ಬಿಡದಿದ್ದರೆ ಅಣ್ಣನಿಗೇ ತಂಗಿಯನ್ನು ಕಟ್ಟಿದ ಹಾಗಾದೀತು. ಆಗ ಸೌದಾ ಒಳಗಿನಿಂದ ಬಂದು ಒಂದು ಸುದ್ದಿ ಹೇಳಿದಳು. ಬೆಂಗಳೂರಿನ ಡಾಕ್ಟರುಗಳು ಈ ಕಾಯಿಲೆಗೆ ಹೊಸ ಔಷಧದ ಸಂಶೋಧನೆ ಮಾಡುತ್ತಿದ್ದಾರೆ, ಮೂಡಬಿದ್ರೆಯ ಶಿಬಿರದಲ್ಲಿ ರೋಗಿಗಳನ್ನು ಆರಿಸುತ್ತಾರೆ.

"ಮತ್ತೆಂತ!" ಅಬ್ಬಾಸ್ ಎದ್ದೇಬಿಟ್ಟರು. "ಮದುವೆ ಬಕ್ರೀದ್ ಕಳೆದು ಮಾಡುವ. ಅಷ್ಟರಲ್ಲಿ ಔಷಧ ಮುಖ ತೋರಿಸ್ತದೆ."

ಮಹಮ್ಮದ್ ಕುಂಞಿಯೂ ಒಪ್ಪಿದ. ಹಾಲಿನ ತೀರ್ಮಾನವಾಗದೆ ಹಾಲ್ ಬುಕ್ ಮಾಡುವಂತಿರಲಿಲ್ಲ. ಒಂದು ನಿಕಾಹ್ ಇಡಿಯಾಗಿ ವೈದ್ಯವಿಜ್ಞಾನದ ಕೈಗೆ ಹೋಯಿತು.

ಅಬ್ಬಾಸರ ಓಮ್ನಿಯಲ್ಲಿ ಹೊರಟರು. ಸಿದ್ಧಕಟ್ಟೆ ದಾಟಿದ ಮೇಲೆ ನಫೀಸಮ್ಮನಿಗೆ ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದು ಜಾರಿಹೋಯಿತು. ಎದುರಿಗೆ ವ್ಯಾನು ಓಡಿಸುತ್ತಿದ್ದ ಟೊಪ್ಪಿಯ ತಲೆ ಯಾರದ್ದು? ಸೌದಾಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಮೂಡಬಿದ್ರೆಯ ಬೋರ್ಡು ಕಂಡಾಗ ಎಲ್ಲ ಒಟ್ಟಿಗೆ ವಾಪಸ್ ಬಂತು, ಹೆದರಿಕೆ ಸಮೇತ.

ಶಿಬಿರದಲ್ಲಿ ಡಾಕ್ಟರ್ ಕಾಂತಿ ಎಂಬ ಬೆಂಗಳೂರಿನವರು ಕೊಡೆ, ನಿಂಬೆ, ಬಸ್ಸು ಎಂದು ಮೂರು ಮಾತು ಹೇಳಿಕೊಟ್ಟು, ಬೇರೆ ಏನೇನೋ ಕೇಳಿ, ತಿರುಗಿ ಆ ಮೂರನ್ನು ಕೇಳಿದರು. ನಿಂಬೆ ಮಾತ್ರ ಸಿಕ್ಕಿತು. ಉಳಿದೆರಡು ಇದ್ದ ಜಾಗವನ್ನು ನಫೀಸಮ್ಮ ತಡಕಾಡಿದರು. ಅಲ್ಲಿ ಜಾಗವೂ ಇರಲಿಲ್ಲ.

"ಅಮ್ಮ, ನೀವು ನಮ್ಮ ಸ್ಟಡಿಗೆ ಸರಿಯಾಗಿ ಹೊಂದ್ತೀರ," ಎಂದರು ಡಾಕ್ಟರು. "ಆದ್ರೆ ಹೋಗಿರೋದು ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಇರೋದು ಜಾರೋದು ನಿಧಾನ ಆಗುತ್ತಾ ಅಂತ ನೋಡೋದು, ಅಷ್ಟೆ."

"ಒಂದು ಮುಖ ಸಿಕ್ಕಿದರೆ ಸಾಕಿತ್ತು. ಸಿಗದಿದ್ದರೂ ನೋಡಿ, ನನ್ನ ತಲೆಯಲ್ಲಿ ಎಂತ ಉಂಟೋ ಎಲ್ಲ ನೋಡಿ. ನಾಳೆ ಇವಳಿಗಾದರೂ ಉಪಕಾರ ಆಗಲಿ," ಎಂದು ನಫೀಸಮ್ಮ ಸೌದಾಳನ್ನು ತೋರಿಸಿದರು.

"ಒಂದೇ ಬಾಕಿ. ಮಾತೃಭಾಷೆ?"

"ಕನ್ನಡ," ಎಂದಳು ಸೌದಾ, ತಟ್ಟನೆ.

"ಸುಳ್ಳು ಯಾಕೆ ಸೌದಾ? ನಮ್ಮ ಮನೆಮಾತು ಬ್ಯಾರಿ."

ಡಾಕ್ಟರ ಪೆನ್ನು ನಿಂತಿತು. ಈ ಪರೀಕ್ಷೆಯ ಅಳತೆ ಕನ್ನಡ ಮಾತೃಭಾಷೆಯವರಿಗೆ ಮಾತ್ರ ಎಂದರು. ಬೇರೆಯವರಲ್ಲಿ ಮಾತನ್ನು ತಿಂದದ್ದು ಕಾಯಿಲೆಯೋ, ಬಾರದ ಕನ್ನಡವೋ ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಸೇರಿಸುವಂತಿಲ್ಲ.

"ಹಾಗಾದರೆ ಬ್ಯಾರಿಯಲ್ಲೇ ಕೇಳಿ."

"ಬ್ಯಾರೀಲಿ ಪರೀಕ್ಷೆ ಇನ್ನೂ ಯಾರೂ ಮಾಡಿಲ್ಲ ಅಮ್ಮ. ಮಾಡೋಕೆ ವರ್ಷಗಳು ಬೇಕು. ರೂಲ್ಸು, ನನ್ನ ಕೈಲಿಲ್ಲ."

ಹೊರಗೆ ಓಮ್ನಿಗೆ ಒರಗಿ ನಿಂತಿದ್ದ ಅಬ್ಬಾಸ್ ಓಡಿಬಂದರು. "ಆಯ್ತಾ? ಔಷಧ ಯಾವಾಗಿಂದ?"

"ತೆಗೊಳ್ಳಲಿಲ್ಲ ಅಬ್ಬಾಸ್ ಕಾಕ," ಎಂದಳು ಸೌದಾ. "ಉಮ್ಮನ ಭಾಷೆ ಅವರ ಲೆಕ್ಕಕ್ಕೆ ಬರುವುದಿಲ್ಲವಂತೆ."

"ಭಾಷೆಯಾ? ಭಾಷೆಗೂ ತಲೆಗೂ ಎಂತ ಸಂಬಂಧ ಮಾರಾಯ್ತಿ? ಮದುವೆಯ ಕಥೆ ಎಂತ ಈಗ?"

"ಮದುವೆ ಇಲ್ಲ," ಎಂದರು ನಫೀಸಮ್ಮ. "ನನ್ನ ಕಾಯಿಲೆಯ ವಿಷಯ ಊರಿಗೆಲ್ಲ ಹೇಳು, ಹುಡುಗಿಯ ಹೆಸರಿಗೆ ಏನೂ ಬರುವುದಿಲ್ಲ. ಇವತ್ತೇ ಹೇಳು ಅಬ್ಬಾಸ್, ಈಗಲೇ. ನಾಳೆ ಬಂದು ನೀನು ಕೇಳಿದರೆ ನಾನು ಪುನಃ ಅಡ್ಡಿ ಇಲ್ಲ ಅಂತ ಹೇಳ್ತೇನೆ."